ಬಾಲ್ಕನಿ ಕ್ಯಾಬಿನ್: ಹಾಸಿಗೆ ಬಿಚ್ಚಿದ ಮೇಲೆ ಉಳಿಯುವ ಜಾಗ ಎಷ್ಟು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಕ್ಕಳೊಂದಿಗೆ ಕ್ರೂಸ್ ಹಡಗು ಹತ್ತಲು ಹೊರಟ ಓದುಗರು ಬಾಲ್ಕನಿ ಕ್ಯಾಬಿನ್ ಬಗ್ಗೆ ಬಹಳಷ್ಟು ಪ್ರಶ್ನೆ ಕಳುಹಿಸಿದ್ದಾರೆ. ಹೆಚ್ಚು ಜನರಿಗೆ ಉಪಯೋಗಕ್ಕೆ ಬರುವಂಥವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಗಂಡ ಹೆಂಡತಿ, ಜೊತೆಗೆ 9 ಮತ್ತು 5 ವರ್ಷದ ಮಕ್ಕಳು. ‘ನಾಲ್ವರಿಗೆ’ ಎಂದು ಬರೆದಿರುವ ಸಾಮಾನ್ಯ ಬಾಲ್ಕನಿ ಕ್ಯಾಬಿನ್ ನಮಗೆ ಸಾಕಾಗುತ್ತದೆಯೇ?

ಉತ್ತರ: ಮಲಗಲು ಸಾಕು, ಓಡಾಡಲು ಸಾಲದು. ಕಂಪನಿಯವರು ತೋರಿಸುವ ಚಿತ್ರದಲ್ಲಿರುವುದು ಹಗಲಿನ ಕ್ಯಾಬಿನ್. ನೀವು ಲೆಕ್ಕ ಹಾಕಬೇಕಾದದ್ದು ಮಕ್ಕಳ ಹಾಸಿಗೆಗಳನ್ನೆಲ್ಲ ಬಿಚ್ಚಿದ ಮೇಲಿನ, ರಾತ್ರಿಯ ಕ್ಯಾಬಿನ್.

ದೊಡ್ಡ ಹಡಗುಗಳಲ್ಲಿ ಸಾಮಾನ್ಯ ಬಾಲ್ಕನಿ ಕ್ಯಾಬಿನ್‌ನ ಒಳಗಿನ ವಿಸ್ತೀರ್ಣ ಸುಮಾರು 170ರಿಂದ 185 ಚದರ ಅಡಿ. ಬಾಲ್ಕನಿ ಇನ್ನೊಂದು 35ರಿಂದ 55 ಚದರ ಅಡಿ. ಕೆಲವು ಕಂಪನಿಗಳು ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಡುತ್ತವೆ. ಆದ್ದರಿಂದ ಎರಡು ಕ್ಯಾಬಿನ್‌ಗಳನ್ನು ಹೋಲಿಸುವ ಮೊದಲು ‘ಇದು ಬಾಲ್ಕನಿ ಸೇರಿಸಿಯೋ, ಬಿಟ್ಟೋ’ ಎಂದು ಕೇಳಿಕೊಳ್ಳಿ. ಬಾಗಿಲು, ಬಚ್ಚಲು, ಕಪಾಟುಗಳಿಗೆ ಹೋಗಿ ಉಳಿದ ಜಾಗದಲ್ಲಿ ಜೋಡಿ ಮಂಚ, ಸೋಫಾ, ಒಂದು ಮೇಜು ಇರುತ್ತವೆ. ಮೂರನೆಯವರಿಗೆ ಸೋಫಾ ಬೆಡ್, ನಾಲ್ಕನೆಯವರಿಗೆ ಚಾವಣಿಯಿಂದಲೋ ಗೋಡೆಯಿಂದಲೋ ಇಳಿಸುವ ಪುಲ್‌ಮನ್ ಹಾಸಿಗೆ. ಇದು ಸಾಮಾನ್ಯ ಏರ್ಪಾಡು.

ಒಂದೇ ದರ್ಜೆಯ ಕ್ಯಾಬಿನ್‌ಗಳಲ್ಲೂ ಎರಡು ಬಗೆಯ ಜೋಡಣೆ ಇರುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದರಲ್ಲಿ ಮಂಚ ಬಾಲ್ಕನಿಯ ಕಡೆ, ಸೋಫಾ ಬಚ್ಚಲಿನ ಕಡೆ. ಇನ್ನೊಂದರಲ್ಲಿ ಇದು ತಿರುಗುಮುರುಗು. ಡೆಕ್ (ಹಡಗಿನ ಮಹಡಿ) ನಕ್ಷೆಯಲ್ಲಿ ಅಕ್ಕಪಕ್ಕದ ಕ್ಯಾಬಿನ್‌ಗಳು ಹೀಗೆ ಒಂದು ಬಿಟ್ಟು ಒಂದು ಬರುವುದುಂಟು. ಸೋಫಾ ಬಾಲ್ಕನಿಯ ಕಡೆಗಿದ್ದರೆ, ಅದನ್ನು ಬಿಚ್ಚಿದ ಕೂಡಲೇ ಬಾಲ್ಕನಿಯ ದಾರಿ ಮುಚ್ಚಿಹೋಗುತ್ತದೆ. ಮಕ್ಕಳು ಎಂಟೂವರೆಗೆ ಮಲಗಿದರು ಎನ್ನಿ, ಆಮೇಲೆ ಹೊರಗೆ ಕೂರಬೇಕೆಂದರೆ ಅವರ ಹಾಸಿಗೆಯನ್ನೇ ದಾಟಿ ಹೋಗಬೇಕು. ಯಾವ ಹೊತ್ತಿಗಾಗಿ ಬಾಲ್ಕನಿಗೆ ಹೆಚ್ಚು ಹಣ ಕೊಟ್ಟಿರೋ ಅದೇ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ. ಚಿಕ್ಕ ಮಕ್ಕಳಿರುವವರು ಮಂಚ ಬಾಲ್ಕನಿಯ ಕಡೆಗಿರುವ ಕ್ಯಾಬಿನ್ನನ್ನೇ ಹಿಡಿಯಬೇಕು ಎನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಮಗುವಿಗೂ ಬಾಲ್ಕನಿ ಬಾಗಿಲಿಗೂ ನಡುವೆ ದೊಡ್ಡವರು ಮಲಗಿರುತ್ತಾರೆ, ಹೊರಗೆ ಹೋಗಿ ಬರಲೂ ಸಲೀಸು. ಇದರಲ್ಲಿಯೂ ಒಂದು ತೊಡಕಿದೆ: ಬಿಚ್ಚಿದ ಸೋಫಾ ಕಪಾಟಿನ ಬಾಗಿಲಿಗೆ ಅಡ್ಡ ಬರಬಹುದು. ಮರುದಿನದ ಬಟ್ಟೆಯನ್ನು ಸಂಜೆಯೇ ತೆಗೆದಿಟ್ಟುಕೊಂಡರೆ ಆಯಿತು.

ಬುಕ್ ಮಾಡುವ ಮುನ್ನ ಸೋಫಾ ಒಬ್ಬರದೋ ಇಬ್ಬರದೋ, ಪುಲ್‌ಮನ್ ಇಳಿಯುವುದು ಸೋಫಾದ ಮೇಲೋ ದೊಡ್ಡವರ ಮಂಚದ ಮೇಲೋ ಎಂದೂ ಕೇಳಿ. ದೊಡ್ಡವರ ಮಂಚದ ಮೇಲೆ ಇಳಿದರೆ ರಾತ್ರಿ ಎದ್ದು ಕುಳಿತಾಗಲೆಲ್ಲ ತಲೆ ತಾಗುತ್ತದೆ. ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಹಾಸಿಗೆಯಲ್ಲಿ ಮಲಗಿಸಬಾರದೆಂಬುದು ಸಾಮಾನ್ಯ ಸುರಕ್ಷತಾ ನಿಯಮ. ನಿಮ್ಮ ಮನೆಯಲ್ಲಿ 9 ವರ್ಷದ ಮಗು ಮೇಲೆ, 5 ವರ್ಷದ್ದು ಸೋಫಾದಲ್ಲಿ ಮಲಗಿದರೆ ಸರಿಹೋಗುತ್ತದೆ. ಇಬ್ಬರೂ ಆರರೊಳಗಿನವರಾಗಿದ್ದರೆ ಇದೇ ಕ್ಯಾಬಿನ್ ಬೇಡ ಎನ್ನುತ್ತಿದ್ದೆವು. ಆಗ ಇಬ್ಬರು ಮಲಗುವ ಸೋಫಾ ಬೆಡ್ ಇರುವುದನ್ನೇ ಹುಡುಕಬೇಕು.

ಪ್ರಶ್ನೆ: ಕುಟುಂಬಕ್ಕೆಂದೇ ಕಟ್ಟಿದ ಬಾಲ್ಕನಿ ಕ್ಯಾಬಿನ್‌ಗಳು ಇವೆಯೇ?

ಉತ್ತರ: ಇವೆ, ಆದರೆ ಸಂಖ್ಯೆ ಕಡಿಮೆ, ಬೇಗ ಖಾಲಿಯಾಗುತ್ತವೆ. ಡಿಸ್ನಿ ಡ್ರೀಮ್ ಹಡಗಿನ ಕುಟುಂಬದ ವರಾಂಡ ಕ್ಯಾಬಿನ್ ವರಾಂಡವೂ ಸೇರಿ ಸುಮಾರು 299 ಚದರ ಅಡಿ ಇದೆ. ಡಿಸ್ನಿಯ ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಬಚ್ಚಲು ಎರಡು ಭಾಗವಾಗಿರುತ್ತದೆ: ಒಂದು ಕಡೆ ಸ್ನಾನದ ತೊಟ್ಟಿ, ಬೇಸಿನ್, ಇನ್ನೊಂದು ಕಡೆ ಶೌಚಾಲಯ, ಬೇಸಿನ್. ಬೆಳಿಗ್ಗೆ ನಾಲ್ವರೂ ಒಟ್ಟಿಗೆ ಹೊರಡುವಾಗ ಇದರಿಂದ ಆಗುವ ಅನುಕೂಲ ಹತ್ತಿಪ್ಪತ್ತು ಚದರ ಅಡಿ ಹೆಚ್ಚಿಗೆ ಸಿಕ್ಕಿದ್ದಕ್ಕಿಂತ ದೊಡ್ಡದು. 2024ರಲ್ಲಿ ಸಂಚಾರ ಆರಂಭಿಸಿದ ಐಕಾನ್ ಆಫ್ ದಿ ಸೀಸ್‌ನಲ್ಲಿ ಆರು ಜನರವರೆಗೆ ಮಲಗಬಹುದಾದ, ಮಕ್ಕಳ ಬಂಕ್ ಹಾಸಿಗೆಗೆ ಬೇರೆಯೇ ಮೂಲೆ ಇರುವ ಕುಟುಂಬ ಕ್ಯಾಬಿನ್‌ಗಳಿವೆ. ಎಂಎಸ್‌ಸಿ ಮೆರವಿಲ್ಯಾದಂಥ ಹಡಗುಗಳಲ್ಲಿ ಎರಡು ಮೂರು ಕ್ಯಾಬಿನ್‌ಗಳನ್ನು ಒಳಬಾಗಿಲಿನಿಂದ ಜೋಡಿಸಿ ದೊಡ್ಡ ಕುಟುಂಬಕ್ಕೆ ಕೊಡುತ್ತಾರೆ.

ಪ್ರಶ್ನೆ: ಒಂದು ಕ್ಯಾಬಿನ್‌ನಲ್ಲಿ ಇಕ್ಕಟ್ಟಾಗಿ ಇರುವುದೋ, ಎರಡು ತೆಗೆದುಕೊಳ್ಳುವುದೋ?

ಉತ್ತರ: ಮೊದಲು ಎರಡಕ್ಕೂ ಪೂರ್ತಿ ಲೆಕ್ಕ ಹಾಕಿ. ಒಂದೇ ಕ್ಯಾಬಿನ್ ಎಂದರೆ ಮೊದಲ ಇಬ್ಬರಿಗೆ ಪೂರ್ಣ ದರ, ಮೂರನೆಯ ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಎರಡು ಕ್ಯಾಬಿನ್ ಎಂದರೆ ನಾಲ್ವರಿಗೂ ಪೂರ್ಣ ದರ. ಬಂದರು ತೆರಿಗೆ, ಸಿಬ್ಬಂದಿಯ ಟಿಪ್ಸ್ ಮಾತ್ರ ತಲೆಯ ಲೆಕ್ಕ, ಎರಡರಲ್ಲೂ ಬದಲಾಗದು. ಬಾಲ್ಕನಿ ಕ್ಯಾಬಿನ್ ಒಂದು, ಅದರ ಎದುರಿಗೇ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಇನ್ನೊಂದು ತೆಗೆದುಕೊಂಡರೆ ಮೊತ್ತ ಎಷ್ಟೋ ಬಾರಿ ದೊಡ್ಡ ಕುಟುಂಬ ಕ್ಯಾಬಿನ್‌ಗಿಂತ ಕಡಿಮೆಯಾಗುತ್ತದೆ. ಎರಡು ಬಚ್ಚಲು, ಎರಡು ಕಪಾಟು ಸಿಗುತ್ತವೆ. ಹದಿನೈದು ಹದಿನಾರರ ಮಕ್ಕಳಿದ್ದರೆ ಇದೇ ಒಳ್ಳೆಯ ದಾರಿ. ಚಿಕ್ಕವರಿದ್ದರೆ ನಡುವೆ ಓಣಿ ಇರುವುದು ಒಳ್ಳೆಯದಲ್ಲ. ‘ಕನೆಕ್ಟಿಂಗ್’ ಕ್ಯಾಬಿನ್‌ಗಳು ಬೇಕು.

ಇಲ್ಲಿ ಪದ ನೋಡಿ ಮೋಸಹೋಗಬೇಡಿ. ‘ಅಡ್ಜಾಯ್ನಿಂಗ್’ ಎಂದರೆ ಪಕ್ಕಪಕ್ಕ ಇವೆ ಎಂದಷ್ಟೇ ಅರ್ಥ. ‘ಕನೆಕ್ಟಿಂಗ್’ ಎಂದಿದ್ದರೆ ಮಾತ್ರ ನಡುವೆ ಬಾಗಿಲು. ನಕ್ಷೆಯಲ್ಲಿ ಎರಡು ಕ್ಯಾಬಿನ್‌ಗಳ ನಡುಗೆರೆಯ ಮೇಲೆ ಪುಟ್ಟ ಬಾಣ ಅಥವಾ ತ್ರಿಕೋನದಂಥ ಗುರುತು ಇರುತ್ತದೆ, ಅರ್ಥವನ್ನು ನಕ್ಷೆಯ ಸೂಚಿಯಲ್ಲಿ ನೋಡಿ. ಇದರ ಇನ್ನೊಂದು ಮುಖವೂ ಇದೆ: ನೀವು ಒಂದೇ ಕ್ಯಾಬಿನ್ ತೆಗೆದುಕೊಳ್ಳುವುದಾದರೆ ಈ ಗುರುತು ಇರುವುದನ್ನು ಬಿಟ್ಟುಬಿಡಿ. ಗೋಡೆಗಿಂತ ಬಾಗಿಲು ತೆಳು, ಪಕ್ಕದವರ ಮಾತು, ಟಿವಿ ಎಲ್ಲ ಕೇಳಿಸುತ್ತದೆ.

ಬುಕಿಂಗ್‌ನಲ್ಲಿ ಪ್ರತಿ ಕ್ಯಾಬಿನ್‌ಗೂ ಒಬ್ಬ ವಯಸ್ಕರ ಹೆಸರು ಇರಬೇಕೆಂಬ ನಿಯಮ ಸಾಮಾನ್ಯ. ಎಷ್ಟು ವಯಸ್ಸಿನವರು ವಯಸ್ಕರು ಎಂಬುದು ಕಂಪನಿಗೂ ಹೊರಡುವ ಬಂದರಿಗೂ ತಕ್ಕಂತೆ ಬದಲಾಗುತ್ತದೆ. ಅಮ್ಮ ಒಂದು ಮಗು ಒಂದರಲ್ಲಿ, ಅಪ್ಪ ಇನ್ನೊಂದು ಮಗು ಇನ್ನೊಂದರಲ್ಲಿ ಎಂದು ಬರೆಸಿ, ಹಡಗಿನ ಸ್ವಾಗತ ಕೌಂಟರ್‌ನಲ್ಲಿ ಎರಡೂ ಕ್ಯಾಬಿನ್‌ಗಳ ಕೀಲಿ ಕಾರ್ಡ್ ಕೇಳಿ ಪಡೆಯುವುದು ರೂಢಿ. ಎರಡು ಬಾಲ್ಕನಿಗಳ ನಡುವಿನ ಅಡ್ಡಗೋಡೆಗೆ ಕೀಲು ಇದ್ದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟೂವರ್ಡ್ ಅದನ್ನು ತೆರೆದುಕೊಡಬಹುದು. ಉಕ್ಕಿನ ಭದ್ರ ಗೋಡೆಯಾದರೆ ತೆರೆಯದು.

ಪ್ರಶ್ನೆ: ಬುಕಿಂಗ್ ತಾಣದಲ್ಲಿ ಇಬ್ಬರು ಎಂದು ಹಾಕಿದರೆ ಬೇಕಾದಷ್ಟು ಬಾಲ್ಕನಿ ಕ್ಯಾಬಿನ್ ತೋರಿಸುತ್ತದೆ, ನಾಲ್ವರು ಎಂದರೆ ‘ಖಾಲಿ ಇಲ್ಲ’ ಎನ್ನುತ್ತದೆ. ಏಕೆ?

ಉತ್ತರ: ಮೊದಲ ಕಾರಣ, ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳೇ ಕಡಿಮೆ. ಎರಡನೆಯದು ಲೈಫ್‌ಬೋಟ್. ಅಪಾಯದ ಹೊತ್ತಿನಲ್ಲಿ ಯಾವ ಕ್ಯಾಬಿನ್‌ನವರು ಎಲ್ಲಿ ಸೇರಬೇಕು ಎಂದು ಹಡಗಿನಲ್ಲಿ ಭಾಗಭಾಗವಾಗಿ ಮೊದಲೇ ಗೊತ್ತುಮಾಡಿರುತ್ತಾರೆ. ಒಂದು ಭಾಗಕ್ಕೆ ಮೀಸಲಾದ ಜೀವರಕ್ಷಕ ದೋಣಿಗಳ ಮಿತಿ ತುಂಬಿದರೆ, ಆ ಭಾಗದಲ್ಲಿ ಹಾಸಿಗೆ ಖಾಲಿ ಇದ್ದರೂ ಮೂರನೆಯ ನಾಲ್ಕನೆಯ ವ್ಯಕ್ತಿಯನ್ನು ಸೇರಿಸಿಕೊಳ್ಳುವುದಿಲ್ಲ. ಶಾಲಾ ರಜೆಯ ದಿನಗಳಲ್ಲಿ ಹೀಗಾಗುವುದು ಹೆಚ್ಚು. ಅದೇ ಹಡಗಿನ ಇನ್ನೊಂದು ಭಾಗದ ಕ್ಯಾಬಿನ್ ಕೇಳಿ ನೋಡಿ. ‘ಈಗ ಇಬ್ಬರಿಗೆ ಬುಕ್ ಮಾಡಿ ಮಕ್ಕಳನ್ನು ಆಮೇಲೆ ಸೇರಿಸೋಣ’ ಎಂದು ಮಾತ್ರ ಹೊರಡಬೇಡಿ. ಮಿತಿ ತುಂಬಿದರೆ ಕೊನೆಯ ಗಳಿಗೆಯಲ್ಲಿ ಯಾರೂ ಏನೂ ಮಾಡಲಾರರು.

ಪ್ರಶ್ನೆ: ಮಗಳಿಗೆ ಬಸ್ಸಿನಲ್ಲೂ ವಾಂತಿ. ಯಾವ ಕಡೆ ಕ್ಯಾಬಿನ್ ತೆಗೆದುಕೊಳ್ಳಲಿ?

ಉತ್ತರ: ಹಡಗಿನ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಬಾಲ್ಕನಿಗಳಿರುವ ಡೆಕ್‌ಗಳ ಪೈಕಿ ಆದಷ್ಟು ಕೆಳಗಿನದು. ಹಡಗು ಎರಡು ರೀತಿ ಓಲಾಡುತ್ತದೆ. ಎಡಬಲಕ್ಕೆ ವಾಲುವುದು ಒಂದು, ಮೇಲಿನ ಡೆಕ್‌ಗಳಿಗೆ ಹೋದಷ್ಟೂ ಅದರ ತೂಗಾಟ ಹೆಚ್ಚು. ಮುಂದಿನ ತುದಿ ಏಳುತ್ತ ಬೀಳುತ್ತ ಸಾಗುವುದು ಇನ್ನೊಂದು, ಇದು ಮುಂತುದಿ ಹಿಂತುದಿಗಳಲ್ಲಿ ಜೋರು. ಹಡಗಿನ ಎರಡೂ ಬದಿಗೆ ನೀರಿನೊಳಗೆ ಚಾಚುವ ಸ್ಟೆಬಿಲೈಜರ್ ರೆಕ್ಕೆಗಳು ಮೊದಲನೆಯದನ್ನು ಬಹಳಮಟ್ಟಿಗೆ ತಡೆಯುತ್ತವೆ, ಎರಡನೆಯದಕ್ಕೆ ಅಷ್ಟು ಪ್ರಯೋಜನವಿಲ್ಲ. ಹೀಗಾಗಿ ‘ಸ್ಟೆಬಿಲೈಜರ್ ಇದೆ’ ಎಂಬ ಮಾತು ನಂಬಿ ಮುಂತುದಿಯ ಕ್ಯಾಬಿನ್ ಹಿಡಿಯಬೇಡಿ. ಬಾಲ್ಕನಿಯಲ್ಲಿ ಕುಳಿತು ದಿಗಂತದ ಮೇಲೆ ಕಣ್ಣು ನೆಟ್ಟರೆ ಹಲವರಿಗೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಮಾತ್ರೆಯ ವಿಷಯ ಹೊರಡುವ ಮೊದಲೇ ಮಕ್ಕಳ ವೈದ್ಯರ ಹತ್ತಿರ ಮಾತಾಡಿ, ಏಕೆಂದರೆ ಇಂಥ ಮಾತ್ರೆಗಳನ್ನು ವಾಂತಿ ಶುರುವಾಗುವ ಮೊದಲೇ ಕೊಡಬೇಕು.

ಪ್ರಶ್ನೆ: ಡೆಕ್ ನಕ್ಷೆ ಹೇಗೆ ಓದುವುದು? ಗದ್ದಲವಿಲ್ಲದ ಕ್ಯಾಬಿನ್ ಬೇಕು.

ಉತ್ತರ: ನಿಮ್ಮ ಡೆಕ್ ಒಂದನ್ನೇ ನೋಡಿದರೆ ಏನೂ ತಿಳಿಯದು. ಮೇಲಿನ ಡೆಕ್, ಕೆಳಗಿನ ಡೆಕ್ ಎರಡರ ನಕ್ಷೆಯನ್ನೂ ತೆರೆದಿಟ್ಟುಕೊಳ್ಳಿ. ಲಿಫ್ಟ್ ಮತ್ತು ಮೆಟ್ಟಿಲುಗಳು ಎಲ್ಲ ಡೆಕ್‌ಗಳಲ್ಲೂ ಒಂದೇ ಜಾಗದಲ್ಲಿರುವುದರಿಂದ ಅವನ್ನೇ ಗುರುತಾಗಿಟ್ಟುಕೊಂಡು, ಅಲ್ಲಿಂದ ಎಷ್ಟನೆಯ ಬಾಗಿಲು ಎಂದು ಎಣಿಸಿ, ನಿಮ್ಮ ಕ್ಯಾಬಿನ್‌ನ ನೆತ್ತಿಯ ಮೇಲೆ ಮತ್ತು ಕಾಲ ಕೆಳಗೆ ಏನಿದೆ ಎಂದು ಪತ್ತೆ ಮಾಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ನಿಶ್ಚಿಂತೆ.

ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಕು ಹರಿಯುವ ಮುನ್ನವೇ ಕುರ್ಚಿ ಎಳೆಯುವ ಸದ್ದು ಶುರು. ಬಫೆಯ ಅಡುಗೆಮನೆ ಇದ್ದರೆ ಗಾಲಿಬಂಡಿಗಳ ಗಡಗಡ. ಕೆಳಗೆ ರಂಗಮಂದಿರವೋ ನೈಟ್‌ಕ್ಲಬ್ಬೋ ಇದ್ದರೆ ಹಾಡಿನ ಮಾತು ಕೇಳಿಸದಿದ್ದರೂ ಡೋಲಿನ ಬಡಿತ ಮಂಚದವರೆಗೆ ಬರುತ್ತದೆ, ಮಕ್ಕಳು ನಿದ್ದೆ ಹೋಗುವ ಹೊತ್ತಿಗೇ ಆ ಕಾರ್ಯಕ್ರಮಗಳು ನಡೆಯುವುದು. ನಕ್ಷೆಯಲ್ಲಿ ಹೆಸರಿಲ್ಲದ ಖಾಲಿ ಬಿಳಿ ಚೌಕಗಳ ಮೇಲೂ ಕಣ್ಣಿರಲಿ. ಅವು ನಿಜಕ್ಕೂ ಖಾಲಿಯಲ್ಲ, ಸಿಬ್ಬಂದಿಯ ಉಗ್ರಾಣ, ಸೇವಾ ಲಿಫ್ಟ್, ಯಂತ್ರದ ಕೋಣೆ ಹೀಗೆ ಏನಾದರೂ ಇರುತ್ತದೆ. ಮುಂತುದಿಯ ಕೆಳ ಡೆಕ್‌ಗಳಲ್ಲಿ ಲಂಗರು ಇಳಿಸುವ ಸದ್ದು, ಬಂದರು ಸೇರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ಗಳ ನಡುಕ. ಹಿಂತುದಿಯಲ್ಲಿ ಪ್ರೊಪೆಲರ್‌ನ ಕಂಪನ. ಬಂದರು ಸೇರುವುದು ಸಾಮಾನ್ಯವಾಗಿ ನಸುಕಿನಲ್ಲಿ, ಅಂದರೆ ಮಗು ಐದಕ್ಕೇ ಎದ್ದು ಕೂರುತ್ತದೆ. ಲಿಫ್ಟಿನ ಹತ್ತಿರ ಗದ್ದಲವೆಂದು ಹೆದರಿ ತೀರ ದೂರ ಹೋಗುವುದೂ ಬೇಡ. ನಾಲ್ಕೈದು ಬಾಗಿಲು ಬಿಟ್ಟರೆ ಸಾಕು. ನಿದ್ದೆ ಹತ್ತಿದ ಮಗುವನ್ನು ಎತ್ತಿಕೊಂಡು ನೂರು ಮೀಟರ್ ಓಣಿ ನಡೆಯುವುದು ತಮಾಷೆಯಲ್ಲ.

ಪ್ರಶ್ನೆ: ಬಾಲ್ಕನಿಗಳಲ್ಲೇ ಕೆಲವು ತುಂಬ ಅಗ್ಗ. ಏನು ವ್ಯತ್ಯಾಸ?

ಉತ್ತರ: ‘ಅಬ್‌ಸ್ಟ್ರಕ್ಟೆಡ್’ ಎಂದಿದ್ದರೆ ಎದುರಿಗೋ ಕೆಳಗೋ ಲೈಫ್‌ಬೋಟ್, ಉಕ್ಕಿನ ತೊಲೆ ಇತ್ಯಾದಿ ಅಡ್ಡ ಬರುತ್ತದೆ. ಅಡ್ಡ ಬರುವುದು ಎಷ್ಟು ಎಂಬುದು ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಬೇರೆ, ಹಾಗಾಗಿ ಸಂಖ್ಯೆ ಹೇಳಿ ವಿಚಾರಿಸಿ. ‘ಕೋವ್’ ಬಾಲ್ಕನಿ ನೀರಿಗೆ ಹತ್ತಿರ, ಹಡಗಿನ ಒಡಲಿನೊಳಗೇ ಕೊರೆದಂತಿರುತ್ತದೆ. ಎದುರು ಗಟ್ಟಿ ಉಕ್ಕಿನ ತಡೆ. ನೆರಳು ಚೆನ್ನ, ಓಲಾಟ ಕಡಿಮೆ, ಆದರೆ ಕಡಲು ಕೆರಳಿದರೆ ಮುಚ್ಚಿಬಿಡುತ್ತಾರೆ. ಓಯಸಿಸ್ ಆಫ್ ದಿ ಸೀಸ್ ಮತ್ತು ಅದೇ ವರ್ಗದ ಹಡಗುಗಳಲ್ಲಿ ಒಳಮುಖದ ಬಾಲ್ಕನಿಗಳೂ ಇವೆ. ಅಲ್ಲಿಂದ ಕಾಣುವುದು ಸಮುದ್ರವಲ್ಲ, ಹಡಗಿನ ನಡುವಿನ ಉದ್ಯಾನ ಅಥವಾ ಆಟದ ಬೀದಿ. ರಾತ್ರಿ ಗದ್ದಲ ಕೇಳಿಸುವುದುಂಟು. 2018ರ ಸೆಲೆಬ್ರಿಟಿ ಎಡ್ಜ್ ಹಡಗಿನಲ್ಲಿ ಬಂದ ‘ಇನ್ಫಿನಿಟ್’ ಮಾದರಿಯಲ್ಲಿ ಹೊರಗೆ ಚಾಚಿದ ಬಾಲ್ಕನಿಯೇ ಇಲ್ಲ. ಕ್ಯಾಬಿನ್ನೇ ಹಡಗಿನ ಅಂಚಿನವರೆಗೆ ಹೋಗಿ, ಗಾಜಿನ ಮೇಲರ್ಧ ಗುಂಡಿ ಒತ್ತಿದರೆ ಕೆಳಗಿಳಿಯುತ್ತದೆ. ಒಳಗೆ ಜಾಗ ಹೆಚ್ಚು ಸಿಗುತ್ತದೆ, ಗಾಳಿಯಲ್ಲಿ ಹೊರಗೆ ಕುಳಿತ ಅನುಭವ ಸಿಗದು.

ಎಲ್ಲಕ್ಕಿಂತ ಅಗ್ಗವಾದದ್ದು ‘ಗ್ಯಾರಂಟಿ’. ಬಾಲ್ಕನಿ ಎಂಬ ದರ್ಜೆ ಮಾತ್ರ ಖಾತ್ರಿ, ಸಂಖ್ಯೆಯನ್ನು ಅವರೇ ಆಮೇಲೆ ಕೊಡುತ್ತಾರೆ. ಇಬ್ಬರೇ ಹೋಗುವವರಿಗೆ ಇದು ಲಾಭ. ಮಕ್ಕಳಿರುವವರಿಗೆ ಬೇಡವೇ ಬೇಡ: ಮಂಚ ಯಾವ ಕಡೆ, ನೆತ್ತಿಯ ಮೇಲೆ ಏನು ಎಂಬ ಆಯ್ಕೆಯೆಲ್ಲ ಕೈಬಿಟ್ಟು ಹೋಗುತ್ತದೆ. ಎರಡು ಕ್ಯಾಬಿನ್ ತೆಗೆದುಕೊಂಡರೆ ಒಂದು ಈ ತುದಿ, ಇನ್ನೊಂದು ಆ ತುದಿಯಾಗಲೂಬಹುದು.

ಪ್ರಶ್ನೆ: ಮೂರು ವರ್ಷದ ಮಗನಿದ್ದಾನೆ. ಬಾಲ್ಕನಿ ತೆಗೆದುಕೊಳ್ಳಲು ಭಯ. ಬಿಟ್ಟುಬಿಡಲೇ?

ಉತ್ತರ: ಭಯ ಸಹಜ, ಬಿಡಬೇಕಾಗಿಲ್ಲ. ಎಲ್ಲಿ ಅಪಾಯ ಎಂದು ತಿಳಿದಿರಬೇಕು. ಅಮೆರಿಕದ 2010ರ ಕ್ರೂಸ್ ಹಡಗು ಸುರಕ್ಷತಾ ಕಾಯ್ದೆಯ ಪ್ರಕಾರ ಅಲ್ಲಿನ ಬಂದರುಗಳಿಂದ ಜನ ಹತ್ತಿಸುವ ದೊಡ್ಡ ಹಡಗುಗಳಲ್ಲಿ ಕಟಕಟೆ (ರೇಲಿಂಗ್) ಕನಿಷ್ಠ 42 ಅಂಗುಲ, ಅಂದರೆ 107 ಸೆಂಟಿಮೀಟರ್ ಎತ್ತರ ಇರಬೇಕು. ಮೂರು ವರ್ಷದ ಮಗು ಸುಮಾರು 95 ಸೆಂಟಿಮೀಟರ್. ನೆಲದ ಮೇಲೆ ನಿಂತರೆ ಸುರಕ್ಷಿತ. ಕುರ್ಚಿಯ ಎತ್ತರ ಸುಮಾರು 45 ಸೆಂಟಿಮೀಟರ್. ಅದನ್ನು ಕಟಕಟೆಗೆ ತಾಗಿಸಿಟ್ಟು ಮಗು ಹತ್ತಿದರೆ ಉಳಿಯುವ ತಡೆ ಬರೀ 62 ಸೆಂಟಿಮೀಟರ್, ಮಗುವಿನ ಎದೆಮಟ್ಟಕ್ಕೂ ಬರುವುದು ಕಷ್ಟ. ಅಪಾಯ ಇರುವುದು ಕಟಕಟೆಯಲ್ಲಲ್ಲ, ಕುರ್ಚಿ ಮೇಜುಗಳಲ್ಲಿ.

ಆದ್ದರಿಂದ ಕ್ಯಾಬಿನ್‌ಗೆ ಕಾಲಿಟ್ಟ ಕೂಡಲೇ, ಪೆಟ್ಟಿಗೆ ಬಿಚ್ಚುವ ಮೊದಲು, ಕುರ್ಚಿಗಳನ್ನು ಕ್ಯಾಬಿನ್‌ನ ಗೋಡೆಗೆ ಒರಗಿಸಿ. ಪುಟ್ಟ ಮೇಜು, ಕಾಲುಮಣೆಗಳನ್ನು ಒಯ್ಯುವಂತೆ ಸ್ಟೂವರ್ಡ್‌ಗೆ ಹೇಳಿ. ಇಂಥ ಕೋರಿಕೆ ಅವರಿಗೆ ಹೊಸದಲ್ಲ. ಬಾಗಿಲಿನ ಚಿಲಕ ಮಗುವಿಗೆ ಎಟುಕುತ್ತದೆಯೇ, ಅದರ ಕೈಯಿಂದ ತಿರುಗುತ್ತದೆಯೇ ಎಂದು ಪರೀಕ್ಷಿಸಿ, ಮೇಲೆ ಎರಡನೆಯ ಚಿಲಕ ಇದ್ದರೆ ಸದಾ ಹಾಕಿಡಿ. ದೊಡ್ಡವರೊಬ್ಬರು ಹೊರಗೆ ಇದ್ದಾಗ ಮಾತ್ರ ಆ ಬಾಗಿಲು ತೆರೆದಿರಬೇಕು, ಇದಕ್ಕೆ ವಿನಾಯಿತಿ ಬೇಡ. ಫೋಟೋಗೆಂದು ಮಗುವನ್ನು ಎತ್ತಿ ಕಟಕಟೆಯ ಮೇಲೆ ಕೂರಿಸುವುದು ಎಂದೆಂದಿಗೂ ಸಲ್ಲದು.

ಆಯ್ಕೆ ಮಾಡುವಾಗ ಎದುರು ಗಾಜಿರುವ ಬಾಲ್ಕನಿಯನ್ನೇ ಕೇಳಿ. ಗಾಜಾದರೆ ಮಗು ನಿಂತಲ್ಲಿಂದಲೇ ಸಮುದ್ರ ನೋಡುತ್ತದೆ. ಉಕ್ಕಿನ ತಡೆಯಾದರೆ ಅದಕ್ಕೆ ಏನೂ ಕಾಣುವುದಿಲ್ಲ. ಕಾಣದಿದ್ದಾಗ ಹತ್ತಲು ಏನಾದರೂ ಹುಡುಕುತ್ತದೆ. ಇನ್ನೊಂದು ಎಚ್ಚರಿಕೆ: ಬಾಲ್ಕನಿ ಬಾಗಿಲು ತೆರೆದಿರುವಾಗ ಯಾರಾದರೂ ಓಣಿಯ ಬಾಗಿಲು ತೆರೆದರೆ ಗಾಳಿ ನುಗ್ಗಿ ಭಾರದ ಬಾಗಿಲು ರಪ್ಪೆಂದು ಹಾಕಿಕೊಳ್ಳುತ್ತದೆ, ಮಕ್ಕಳ ಬೆರಳು ಜಜ್ಜುವುದು ಹೀಗೆಯೇ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು.

ಪ್ರಶ್ನೆ: ಎಂಟು ತಿಂಗಳ ಕೂಸಿಗೆ ಏನು ವ್ಯವಸ್ಥೆ?

ಉತ್ತರ: ಮೊದಲು ವಯಸ್ಸಿನ ನಿಯಮ ನೋಡಿ. ಹಲವು ಕಂಪನಿಗಳಲ್ಲಿ ಕನಿಷ್ಠ 6 ತಿಂಗಳು, ಮಹಾಸಾಗರ ದಾಟುವ ಅಥವಾ ಸತತ ಹಲವು ದಿನ ಬಂದರು ಕಾಣದ ಪ್ರಯಾಣಕ್ಕೆ 12 ತಿಂಗಳು. ಎತ್ತಿಡುವ ತೊಟ್ಟಿಲನ್ನು ಬುಕ್ ಮಾಡುವಾಗಲೇ ಕೇಳಿ ಬರೆಸಿ. ಅದನ್ನಿಟ್ಟ ಮೇಲೆ ಸೋಫಾ ಬಿಚ್ಚಲು ಜಾಗ ಸಿಗುವುದಿಲ್ಲ ಎಂಬುದು ನೆನಪಿರಲಿ. ಸಾಮಾನ್ಯ ಕ್ಯಾಬಿನ್‌ನ ಬಾಗಿಲಿನ ಅಗಲ ಸುಮಾರು 23 ಅಂಗುಲ. ತಳ್ಳುಗಾಡಿ ಅದಕ್ಕಿಂತ ಅಗಲವಿದ್ದರೆ ಒಳಗೆ ಬಾರದು, ಓಣಿಯಲ್ಲಿ ಬಿಡಲೂ ಆಗದು, ಅದು ತುರ್ತು ದಾರಿ. ಮಡಚುವಂಥದ್ದೇ ಒಯ್ಯಿರಿ. ಬಹುತೇಕ ಬಾಲ್ಕನಿ ಕ್ಯಾಬಿನ್‌ಗಳಲ್ಲಿ ಇರುವುದು ಶವರ್ ಮಾತ್ರ, ಗಾಳಿ ತುಂಬುವ ಪುಟ್ಟ ತೊಟ್ಟಿ ಇದ್ದರೆ ಕೂಸಿನ ಸ್ನಾನ ಸುಲಭ.

ಪ್ರಶ್ನೆ: ಕ್ಯಾಬಿನ್ ಹಡಗಿನ ಬಲಬದಿಯದೋ ಎಡಬದಿಯದೋ?

ಉತ್ತರ: ಹೊರಟಲ್ಲಿಗೇ ಮರಳುವ ಪ್ರಯಾಣವಾದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ದಿಕ್ಕಿನ ಪ್ರಯಾಣವಾದರೆ ಭೂಪಟದಲ್ಲಿ ಕಡಲತೀರ ಯಾವ ಕಡೆ ಬರುತ್ತದೆ ನೋಡಿ. ಬಿಸಿಲಿನ ಲೆಕ್ಕವೂ ಸುಲಭ: ಉತ್ತರಕ್ಕೆ ಹೋಗುವ ಹಡಗಿನ ಬಲಬದಿಗೆ ಬೆಳಗಿನ ಬಿಸಿಲು, ಎಡಬದಿಗೆ ಸಂಜೆಯ ಬಿಸಿಲು.

ಪ್ರಶ್ನೆ: ಮಕ್ಕಳ ಒದ್ದೆ ಈಜುಡುಗೆಯನ್ನು ಬಾಲ್ಕನಿಯಲ್ಲಿ ಹರವಬಹುದೇ?

ಉತ್ತರ: ಕಟಕಟೆಯ ಮೇಲೆ ಹರವುವಂತಿಲ್ಲ. ಗಾಳಿಗೆ ಹಾರಿ ಸಮುದ್ರಕ್ಕೋ ಕೆಳಗಿನ ಬಾಲ್ಕನಿಗೋ ಬೀಳುತ್ತದೆ ಎಂಬುದು ಒಂದು ಕಾರಣ, ಇನ್ನೊಂದು ಬೆಂಕಿ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಹೊತ್ತಿದ ಬೆಂಕಿ, ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡೆಗಳ ಮೂಲಕ ಹಬ್ಬಿ ನೂರಾರು ಕ್ಯಾಬಿನ್‌ಗಳಿಗೆ ಹಾನಿ ಮಾಡಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. ಆರದ ಸಿಗರೇಟಿನ ತುಂಡೇ ಕಾರಣವಿರಬೇಕೆಂದು ತನಿಖೆ ಹೇಳಿತು. ಆಮೇಲೆ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ‘ಸೋಲಾಸ್’ ನಿಯಮಗಳನ್ನು ತಿದ್ದಿ, 2008ರಿಂದ ಬಾಲ್ಕನಿಗಳಿಗೂ ಬೆಂಕಿಯ ಷರತ್ತುಗಳನ್ನು ತಂದರು. ಬಟ್ಟೆಯನ್ನು ಬಚ್ಚಲಿನ ಶವರ್ ಮೇಲಿರುವ ಎಳೆದು ಕಟ್ಟುವ ದಾರಕ್ಕೆ ಹಾಕಿ. ಹೆಚ್ಚಿನ ಹಡಗುಗಳಲ್ಲಿ ಕ್ಯಾಬಿನ್‌ನ ಗೋಡೆ ಉಕ್ಕಿನದಾದ್ದರಿಂದ ಆಯಸ್ಕಾಂತದ ಕೊಕ್ಕೆಗಳು ಅಂಟಿಕೊಳ್ಳುತ್ತವೆ. ಎಂಟು ಹತ್ತು ಕೊಕ್ಕೆ ಒಯ್ದರೆ ಟೋಪಿ, ಚೀಲ, ಟವೆಲ್‌ಗಳೆಲ್ಲ ನೆಲ ಬಿಟ್ಟು ಗೋಡೆ ಸೇರುತ್ತವೆ. ಒದ್ದೆ ಬಟ್ಟೆಯನ್ನು ಮಾತ್ರ ಎಸಿಯ ಗಾಳಿ ಬೀಳುವ ಜಾಗದಲ್ಲಿ ತೂಗಿಹಾಕಿ.